ಜೂಲಿಯಸ್ ಮ್ಯಾಗಿ

ಹಸಿದವನಿಗೆ ಪುಷ್ಟಿಕರವಾದ ಆಹಾರವನ್ನು ಒದಗಿಸುವುದು ಒಂದು ಕಾರ್ಯ. ಅದನ್ನು ಅವನು ಇಷ್ಟಪಟ್ಟು ಉಣ್ಣುವಂತೆ ಮಾಡುವುದು ಇನ್ನೊಂದು ಕಾರ್ಯ. ಎರಡನೆಯದೂ ಸುಲಭವಲ್ಲವೆಂಬುದನ್ನು ಸ್ವಿಟ್ಜರ್ಲೆಂಡಿನ ಜೂಲಿಯಸ್ ಮ್ಯಾಗಿಯ ಜೀವನದಿಂದ ತಿಳಿಯಬಹುದು.

ಈತನು 1846ನೆಯ ಇಸವಿ ಅಕ್ಟೋಬರ್ 9ರಂದು ಫ್ರಾವೆನ್‌ಫೆಲ್ಡ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಇಟಲಿಯಿಂದ ಬಂದು ನೆಲೆಸಿದವನು, ಹಿಟ್ಟಿನ ಗಿರಣಿಯ ಒಡೆಯ. 1869ರಲ್ಲಿ ಕೆಂಪ್ತಾಲದ ಗಿರಣಿ ಮಗನ ಕೈಗೆ ಬಂದಿತು.

ಆಗ ಆ ದೇಶದಲ್ಲಿ ಕಾರ್ಖಾನೆಗಳು ಹೆಚ್ಚುತ್ತಿದ್ದವು. ಹೆಂಗಸರೂ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ದುಡಿಯುತ್ತಿದ್ದರು. ಅಡಿಗೆ ಮಾಡಲು ಅವರಿಗೆ ಹೊತ್ತಿರಲಿಲ್ಲ. ಮಾಂಸ ಕೊಳ್ಳುವಷ್ಟು ಹಣವೂ ಇರಲಿಲ್ಲ. ವೈದ್ಯನೂ ಕಾರ್ಖಾನೆಗಳ ತನಿಖಾಧಿಕಾರಿಯೂ ಆಗಿದ್ದ ಫ್ರಿಡೊಲಿನ್ ಶೂಲರ್ 1882ರಲ್ಲಿ ಈ ದುಃಸ್ಥಿತಿಯನ್ನು ಸಾರ್ವಜನಿಕ ಹಿತಸಾಧನೆಯ ಸಂಘವೊಂದರ ಮುಂದಿಟ್ಟು, ಸಸಾರಜನಕ ಹೇರಳವಾಗಿರುವ ದ್ವಿದಳ ಧಾನ್ಯಗಳ ಬಳಕೆಯನ್ನು ಸೂಚಿಸಿದನು. ಮ್ಯಾಗಿ ಆ ಹೊಣೆಯನ್ನು ಹೊತ್ತನು. ಬಟಾಣಿ ಮೊದಲಾದ ಕಾಳುಗಳನ್ನು ಬೇಗ ಬೇಯುವಂತೆ ಹದಗೊಳಿಸಿ, ಹಿಟ್ಟು ಮಾಡಿ 1884ರಲ್ಲಿ ಮಾರಾಟಕ್ಕೆ ತಂದನು. ಹಿಟ್ಟು ಪುಷ್ಟಿಕರವಾಗಿದ್ದಿತು, ಅಗ್ಗವಾಗಿದ್ದಿತು. ಆದರೆ ನಾಲಿಗೆಗೆ ಸಪ್ಪೆ.

ಈ ಕೊರತೆಯನ್ನು ನೀಗಲು 1886ರಲ್ಲಿ ಕಂದುಬಣ್ಣದ ಒಂದು ರುಚಿದ್ರವವು ಹೊರಬಂದಿತು. ಸಸ್ಯದ ಸಸಾರಜನಕವನ್ನು ಹೈಡ್ರೊಕ್ಲೋರಿಕ್ ಆಮ್ಲದೊಡನೆ ಬಹಳ ಹೊತ್ತು ಕಾಯಿಸಿದರೆ ಅದು ಒಡೆದು ಅಮೈನೊ ಆಮ್ಲಗಳಾಗುತ್ತದೆ. ಬಳಿಕ ಸೋಡಾ ಬೆರೆಸಿದರೆ ಉಳಿದ ಆಮ್ಲವು ಅಡಿಗೆಯ ಉಪ್ಪಾಗಿ ಮಾರ್ಪಡುತ್ತದೆ. ಹೀಗೆ ಒದಗುವ ಗ್ಲುಟಾಮಿಕ್ ಆಮ್ಲದಿಂದ ಮಾಂಸದ ಸಾರಿನ ಸ್ವಾದ ಬರುತ್ತದೆ. ಸಕ್ಕರೆಯ ಅಂಶವಿದ್ದರೆ ಅಮೈನೊ ಆಮ್ಲಗಳು ಕಾವಿನಲ್ಲಿ ಅದರೊಡನೆ ಸೇರಿ ಕಂದುಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುತ್ತವೆ. ಈ ಎರಡನೆಯ ಕ್ರಿಯೆಯನ್ನು ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದನು. ರೊಟ್ಟಿಯ ಹೊರಪದರ ಕೆಂಪಗಾಗುವುದೂ ಹುರಿದ ಕಾಫಿಬೀಜ ಘಮಘಮಿಸುವುದೂ ಬಹುಮಟ್ಟಿಗೆ ಇದರಿಂದಲೇ. ಮುಂದೆ 1960ರ ಸುಮಾರಿಗೆ, ಗಂಧಕವುಳ್ಳ ಸಿಸ್ಟೀನನ್ನು ರೈಬೋಸ್ ಎಂಬ ಸಕ್ಕರೆಯೊಡನೆ ಕಾಯಿಸಿ ಬೆಂದ ಮಾಂಸದ ವಾಸನೆಯನ್ನೇ ಪಡೆಯುವ ವಿಧಾನ ಬಳಕೆಗೆ ಬಂದಿತು.

1908ರಲ್ಲಿ ಮ್ಯಾಗಿಯ ಸಾರಿನ ಬಿಲ್ಲೆಗಳು ಪೇಟೆಗೆ ಬಂದವು. ಮೈಯಾರನ ಲೇಖನ ಪ್ರಕಟವಾದ 1912ರಲ್ಲಿಯೇ, ಅಕ್ಟೋಬರ್ 19ರಂದು, ಮ್ಯಾಗಿ ಕಾಲವಾದನು. ಅವನ ಸಂಸ್ಥೆ 1947ರಲ್ಲಿ ನೆಸ್ಲೆಯೊಡನೆ ಸೇರಿತು. 1983ರಲ್ಲಿ ಅವನ ಹೆಸರು ಶಾವಿಗೆಯ ರೂಪದಲ್ಲಿ ನಮ್ಮ ದೇಶಕ್ಕೂ ಬಂದಿತು.

ಇಲ್ಲಿ ವಿಚಾರಮಾಡತಕ್ಕ ಅಂಶವೊಂದುಂಟು. ದುಡಿಯುವ ಬಡವರ ಮೈಗೆ ಬಲ ಕೊಡಬೇಕೆಂದು ಹುಟ್ಟಿದ್ದು ಕಾಳಿನ ಹಿಟ್ಟು. ಲೋಕವೆಲ್ಲ ಹಬ್ಬಿದ್ದು ಅದಕ್ಕೆ ಸಹಾಯಕವಾಗಿ ಬಂದ ರುಚಿ. ನಾಲ್ಕು ಹನಿ ರುಚಿದ್ರವವು ಸಾರಿಗೆ ಸ್ವಾದವನ್ನು ಕೊಟ್ಟೀತೇ ಹೊರತು ಒಂದು ಹಿಡಿ ಬೇಳೆಯ ಪುಷ್ಟಿಯನ್ನು ಕೊಡಲಾರದು. ಆದರೂ ಶ್ರಮಜೀವಿಗಳ ಊಟವು ವಿಜ್ಞಾನದ ಗಮನಕ್ಕೆ ಪಾತ್ರವಾಗಬೇಕೆಂಬ ಶೂಲರನ ಮಾತಿಗೆ ಒಬ್ಬ ಗಿರಣಿಯವನು ಕಿವಿಗೊಟ್ಟನೆಂಬುದು ಸಣ್ಣ ಸಂಗತಿಯಲ್ಲ. ರುಚಿಯನ್ನು ಬೇಳೆಯೊಡನೆ ಮತ್ತೆ ಕೂಡಿಸುವ ಕೆಲಸ ಮುಂದಿನವರ ಪಾಲಿಗೆ ಉಳಿದಿದೆ.