ಶಬ್ದಗಳನ್ನು ಕೂಡಿಸಿದ ಕಿಟ್ಟೆಲ್ ಪಾದ್ರಿಯವರು

ನಮ್ಮ ಕನ್ನಡದಲ್ಲಿ ಏಳು ಎಂಬದು ಒಂದು ಸಂಖ್ಯೆ. ಮಲಗಿದವನಿಗೆ ಹೇಳಿದರೆ ಅದೇ ಅಪ್ಪಣೆ. ಹತ್ತು ಎಂಬದು ಕೈಬೆರಳುಗಳ ಎಣಿಕೆ. ಮರದ ಬುಡದಲ್ಲಿ ನಿಂತವನಿಗೆ ಹೇಳಿದರೆ ಮೇಲಕ್ಕೇರೆಂಬ ಮಾತು. ಮನೆಯಿಂದ ಹೊರಡುವವನು ಹೋಗುತ್ತೇನೆ ಅನ್ನದೆ ಬರುತ್ತೇನೆ ಅನ್ನುತ್ತಾನೆ. ದೀಪವನ್ನು ಆರಿಸಬೇಕಾದರೆ ಹಿರಿಯರು ದೊಡ್ಡದು ಮಾಡು ಅನ್ನುತ್ತಾರೆ. ತಾಯಿಯ ಮಡಿಲಲ್ಲಿ ಕಲಿತ ನಮಗೆ ಇದರಲ್ಲಿ ವಿಚಿತ್ರವೇನೂ ತೋರದು. ಆದರೆ ದೂರದೇಶದಿಂದ ಬಂದವನ ಪಾಡೇನು? ದೀಪ ದೊಡ್ಡದು ಮಾಡೆಂದರೆ ಅವನು ಬತ್ತಿಯನ್ನು ಇನ್ನಷ್ಟು ಮೇಲಕ್ಕೆ ಎತ್ತುವನಲ್ಲವೇ!

ಇಂಥ ನುಡಿಯನ್ನು ಕಲಿತು ಅದರ ಶಬ್ದಗಳನ್ನೆಲ್ಲಾ ಕೂಡಿಸಿಟ್ಟವರು ಫೆರ್ಡಿನಾಂಡ್ ಕಿಟ್ಟೆಲ್ ಪಾದ್ರಿಯವರು. ಇವರು 1832 ನೆಯ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬ ಊರಲ್ಲಿ ಒಬ್ಬ ಬೋಧಕರ ಮಗನಾಗಿ ಹುಟ್ಟಿದರು. ಅದೇ ವರುಷ ವಿಲಿಯಂ ರೀವ್ ಎಂಬ ಪಾದ್ರಿಯವರ ಕನ್ನಡ ನಿಘಂಟು ಅಚ್ಚಾಯಿತು. ಅದಕ್ಕಿಂತ ದೊಡ್ಡದನ್ನು ಕಟ್ಟತಕ್ಕವನು ಆಗ ತೊಟ್ಟಿಲಲ್ಲಿ ಮಲಗಿದ್ದನೆಂದು ಯಾರು ಬಲ್ಲರು?

ಕಿಟ್ಟೆಲರು ಬಾಸೆಲ್ ಪಟ್ಟಣದ ಸೆಮಿನೆರಿಯಲ್ಲಿ ಕಲಿತು, 1853 ರಲ್ಲಿ ಹಿಂದೂದೇಶಕ್ಕೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿ ಮುಂತಾದ ಸ್ಥಳಗಳಲ್ಲಿ ಸೇವೆಮಾಡಿದರು. ಪುಸ್ತಕದ ಮಾತು ಒಂದು, ಬೀದಿಯ ಮಾತು ಇನ್ನೊಂದು ಎಂದು ಅವರು ಬೇಗನೆ ಕಂಡರು. ಆದದರಿಂದ ಪಂಡಿತರ ಬಳಿಯಲ್ಲಿ ಓಲೆಗರಿಗಳನ್ನು ಓದಿ ಕಲಿತಂತೆಯೇ ಜನರ ಆಡುಮಾತನ್ನೂ ಅವರ ಗಾದೆಗಳನ್ನೂ ಕಿವಿಗೊಟ್ಟು ಕೇಳಿ ಬರೆದುಕೊಂಡರು. 1862 ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿ ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872 ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875 ರಲ್ಲಿಯೂ ಅಚ್ಚಿಗೆ ಸಿದ್ಧಮಾಡಿದರು.

ಈ ದಾರಿ ಸುಲಭವಾಗಿರಲಿಲ್ಲ. ಮೊದಲನೆಯ ಪತ್ನಿ ಅಕಾಲದಲ್ಲಿ ತೀರಿಹೋದರು. ಹಳೆಯ ಕಾವ್ಯಗಳಲ್ಲಿ ಮುಳುಗಿರುವದು ಬೋಧಕನಿಗೆ ತಕ್ಕ ಕೆಲಸವೋ ಎಂದು ಜೊತೆಯವರಲ್ಲಿ ಕೆಲವರು ಸಂಶಯಪಟ್ಟರು. ಆದರೂ ಅವರು ಕೈಬಿಡಲಿಲ್ಲ. ಯಾಕಂದರೆ ಒಬ್ಬನ ಮಾತನ್ನು ತಿಳಿಯದೆ ಅವನ ಮನಸ್ಸನ್ನು ಮುಟ್ಟುವದು ಹೇಗೆ?

ವರುಷಗಳ ದುಡಿತದ ಮೇಲೆ 1894 ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1,700 ಕ್ಕೂ ಹೆಚ್ಚು ಪುಟಗಳು, ಸುಮಾರು 70,000 ಶಬ್ದಗಳು! ಇದರಲ್ಲಿಯೂ ಒಂದು ಸೋಜಿಗವುಂಟು: ಶಬ್ದ ಕನ್ನಡ, ಅರ್ಥ ಇಂಗ್ಲಿಷ್, ಬರೆದವರ ತಾಯಿನುಡಿಯೋ ಜರ್ಮನ್. ತನ್ನದಲ್ಲದ ಒಂದು ನುಡಿಯನ್ನು ತನ್ನದಲ್ಲದ ಇನ್ನೊಂದು ನುಡಿಯಿಂದ ವಿವರಿಸಿದವರು ಇವರು. 1896 ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. 1903 ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರುಷ ದಶಂಬರ 18 ರಂದು ಟ್ಯೂಬಿಂಗೆನಿನಲ್ಲಿ ಅವರು ವಿಶ್ರಾಂತಿ ಹೊಂದಿದರು. ಬೆಂಗಳೂರಿನಲ್ಲಿ ಅವರ ಪ್ರತಿಮೆಯುಂಟು.

ಸಹೋದರರೇ, ನೆರೆಯೂರಿನವನು ಒಂದು ಮಾತನ್ನು ಬೇರೆ ವಿಧವಾಗಿ ಉಚ್ಚರಿಸಿದರೆ ನಾವು ನಗುತ್ತೇವೆ. ಪಟ್ಟಣಕ್ಕೆ ಹೋದಾಗ ನಮ್ಮ ಮಾತಿಗೆ ನಾವೇ ನಾಚುತ್ತೇವೆ. ಅಕ್ಷರ ಬಾರದ ಅಜ್ಜಿಯ ಬಾಯಿಂದ ಬರುವಂಥ ಗಾದೆಗೂ ಆ ಮಹಾಗ್ರಂಥದಲ್ಲಿ ಕವಿಯ ಶಬ್ದದ ಪಕ್ಕದಲ್ಲಿ ಸ್ಥಳ ದೊರೆಯಿತು. ಇನ್ನೊಬ್ಬನ ಮಾತು ಹೊಸದಾಗಿ ಕೇಳಿಸಿದಾಗ ನಗುವ ಮೊದಲು ಅದರ ಅರ್ಥವೇನೆಂದು ಕೇಳೋಣ. ಕಿಟ್ಟೆಲರು ಮಾಡಿದ್ದು ಅದನ್ನೇ.