ಮನೆಯಲ್ಲೇ ವಿಮಾನ ಕಟ್ಟಿದ ಲಿಲಿಯನ್ ಬ್ಲಾಂಡ್

ವಿಮಾನದ ಸದ್ದು ಕೇಳಿದರೆ ಅಂಗಳಕ್ಕೆ ಓಡಿ ಬಂದು ತಲೆಯೆತ್ತಿ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಅಂಥ ವಿಮಾನವನ್ನು ತಾನೇ ಕಟ್ಟಿ ತಾನೇ ಹಾರಿಸಿದ ಮಹಿಳೆಯೊಬ್ಬಳ ಜೀವನವನ್ನು ನಾವು ಇಲ್ಲಿ ನೋಡೋಣ.

ಲಿಲಿಯನ್ ಬ್ಲಾಂಡ್ 1878ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಜನಿಸಿದಳು. ಮುಂದೆ ತಂದೆಯೊಡನೆ ಐರ್ಲೆಂಡಿಗೆ ಬಂದು, ಬೆಲ್‌ಫಾಸ್ಟ್ ಸಮೀಪದ ಕಾರ್ನ್‌ಮನಿಯಲ್ಲಿ ಸೋದರತ್ತೆಯ ಮನೆಯಲ್ಲಿ ನೆಲೆಸಿದಳು. ಪತ್ರಿಕೆಗಳಿಗೆ ಛಾಯಾಚಿತ್ರ ತೆಗೆಯುವುದು ಆಕೆಯ ಕಸುಬು. ಗಂಡಸರಂತೆ ಕುದುರೆ ಸವಾರಿ ಮಾಡುತ್ತಾಳೆಂದು ಜನ ಆಡಿಕೊಳ್ಳುತ್ತಿದ್ದರು. ಆಕೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

1909ರಲ್ಲಿ ಫ್ರಾನ್ಸಿನ ಬ್ಲೇರಿಯೊ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ಆ ವಿಮಾನದ ಚಿತ್ರವಿದ್ದ ಅಂಚೆ ಕಾರ್ಡೊಂದು ಪ್ಯಾರಿಸ್ಸಿನ ಬಂಧುವಿನಿಂದ ಲಿಲಿಯನ್ನಳ ಕೈಸೇರಿತು. ಆಸೆ ಚಿಗುರಿತು. ಕಲಿಸುವ ಗುರುವಿರಲಿಲ್ಲ. ಬ್ಲ್ಯಾಕ್‌ಪೂಲಿನ ವಿಮಾನ ಮೇಳಕ್ಕೆ ಹೋಗಿ ಅಲ್ಲಿದ್ದ ವಿಮಾನಗಳ ಅಳತೆಗಳನ್ನು ಬರೆದುಕೊಂಡು ಬಂದಳು.

ಮೊದಲು ಚಿಕ್ಕ ಮಾದರಿಯೊಂದನ್ನು ಗಾಳಿಪಟದಂತೆ ಹಾರಿಸಿ ನೋಡಿದಳು. ಬಳಿಕ ಮರ, ಬಿದಿರು, ಬಟ್ಟೆಗಳಿಂದ ಎಂಜಿನ್ ಇಲ್ಲದ ದೊಡ್ಡ ವಿಮಾನವನ್ನೇ ಕಟ್ಟಿದಳು. ಹಾರಿದರೆ ಹಾರಬಹುದು ಎಂಬ ಅರ್ಥವೂ ಬರುವಂತೆ ಅದಕ್ಕೆ ಮೇಫ್ಲೈ ಎಂಬ ಹುಳುವಿನ ಹೆಸರಿಟ್ಟಳು. ಆದರೆ ಅದು ಎಂಜಿನ್ನಿನ ಭಾರವನ್ನು ಹೊರಬಲ್ಲುದೇ? ಪರೀಕ್ಷಿಸಲು ನಾಲ್ವರು ಪೊಲೀಸರೂ ತೋಟದ ಕೆಲಸದ ಹುಡುಗ ಜೋ ಬ್ಲೇನನೂ ಕಾರ್ನ್‌ಮನಿ ಗುಡ್ಡದ ಮೇಲೆ ಅದನ್ನು ಹಿಡಿದು ನಿಂತರು. ಗಾಳಿ ಬೀಸಿತು; ವಿಮಾನ ಐವರನ್ನೂ ನೆಲದಿಂದ ಎತ್ತಿತು! ಪೊಲೀಸರು ಹೆದರಿ ಕೈಬಿಟ್ಟರು, ಜೋ ಮಾತ್ರ ಬಿಡಲಿಲ್ಲ. ಲಿಲಿಯನ್ನಳ ಸಂಶಯ ತೀರಿತು.

1910ರಲ್ಲಿ ಇಂಗ್ಲೆಂಡಿನಿಂದ 20 ಅಶ್ವಶಕ್ತಿಯ ಎಂಜಿನ್ ತಂದಳು. ಪೆಟ್ರೋಲ್ ತೊಟ್ಟಿ ಮಾತ್ರ ಬಂದಿರಲಿಲ್ಲ. ಆಕೆ ಸುಮ್ಮನೆ ಕುಳಿತಿರಲಾರದೆ, ಒಂದು ವಿಸ್ಕಿ ಬಾಟಲಿಯನ್ನೂ ಸೋದರತ್ತೆ ಕಿವಿ ಕೇಳಿಸಲೆಂದು ಬಳಸುತ್ತಿದ್ದ ಕಹಳೆಯನ್ನೂ ಜೋಡಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಯಿಸಿದಳು. ಆಗಸ್ಟಿನಲ್ಲಿ ರಾಂಡಲ್ಸ್‌ಟೌನಿನ ವಿಶಾಲ ಬಯಲಿನಲ್ಲಿ ಮೇಫ್ಲೈ ನೆಲ ಬಿಟ್ಟು ಸುಮಾರು ಕಾಲು ಮೈಲಿ ದೂರ ಹಾರಿತು. ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲ ಮಹಿಳೆ ಆಕೆಯಾದಳು.

ಮಗಳ ಪ್ರಾಣಕ್ಕೆ ಅಂಜಿದ ತಂದೆ, ಹಾರಾಟ ಬಿಟ್ಟರೆ ಮೋಟಾರು ಕಾರು ಕೊಡಿಸುವೆನೆಂದರು. ಮೇಫ್ಲೈ ಹಗುರವಾದುದು, ಹೆಚ್ಚಿನ ಬಲದ ಎಂಜಿನ್ನನ್ನು ಅದು ತಡೆಯದು ಎಂಬುದೂ ಆಕೆಗೆ ತಿಳಿದಿತ್ತು. ಒಪ್ಪಿದಳು. ಕಾರು ಓಡಿಸುವುದನ್ನೂ ತಾನೇ ಕಲಿತು, ಫೋರ್ಡ್ ಕಾರುಗಳ ಮಾರಾಟಕ್ಕಿಳಿದಳು. ಮದುವೆಯಾದ ಬಳಿಕ ಕೆನಡಾಕ್ಕೆ ಹೋಗಿ ಕಾಡು ಕಡಿದು ಬೇಸಾಯ ಮಾಡಿದಳು. 1935ರಲ್ಲಿ ಇಂಗ್ಲೆಂಡಿಗೆ ಮರಳಿ, 1971ರಲ್ಲಿ ತನ್ನ 92ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಹಾರಿದ್ದು ಕಾಲು ಮೈಲಿ. ಆದರೆ ಅದರ ಹಿಂದೆ ಗಾಳಿಪಟವಿತ್ತು, ಗುಡ್ಡದ ಪರೀಕ್ಷೆಯಿತ್ತು, ಬಾಟಲಿಯ ಉಪಾಯವಿತ್ತು. ಪೋಷಕರೇ, ಮಗಳು ಬಿದಿರುಕಡ್ಡಿ ಹಿಡಿದು ಏನನ್ನೋ ಕಟ್ಟುತ್ತಿದ್ದರೆ ಗದರಿಸುವ ಮುನ್ನ ಒಂದು ಗಳಿಗೆ ನಿಂತು ನೋಡೋಣ. ಮಕ್ಕಳೇ, ಸಲಕರಣೆ ಇಲ್ಲವೆಂದು ನಾವು ಕೈಕಟ್ಟಿ ಕೂರದಿರೋಣ.