ಪೆಸ್ತಲೋಜಿಯೂ ಸ್ಟಾನ್ಸಿನ ಅನಾಥ ಮಕ್ಕಳೂ

ಹುಡುಗನು ಮಾತು ಕೇಳದಿದ್ದರೆ ಬೆತ್ತವನ್ನು ತೆಗೆಯಬೇಕೆಂಬದು ನಮ್ಮ ಹಳ್ಳಿಗಳ ತಂದೆತಾಯಿಗಳಲ್ಲಿ ಅನೇಕರ ಅಭಿಪ್ರಾಯವಾಗಿದೆ. ಬೆತ್ತವು ಕಣ್ಣೆದುರಿಗಿರುವ ತನಕ ಹುಡುಗನು ಸುಮ್ಮನಿರುವದೇನೋ ನಿಜವೇ. ಅದು ಮೂಲೆಗೆ ಹೋದ ಮೇಲೆ ಅವನನ್ನು ಯಾವದು ಅಡಗಿಸೀತು? ತನ್ನನ್ನು ತಾನೇ ಅಡಗಿಸಿಕೊಳ್ಳುವ ಶಕ್ತಿಯು ಚಿಕ್ಕ ಮಕ್ಕಳಲ್ಲಿ ಹೇಗೆ ಹುಟ್ಟುತ್ತದೆಂದು ಜೀವಮಾನವೆಲ್ಲಾ ಹುಡುಕಿದ ಒಬ್ಬ ಉಪಾಧ್ಯಾಯನ ಚರಿತ್ರೆಯನ್ನು ಪ್ರಿಯ ವಾಚಕರ ಮುಂದೆ ಇಡುತ್ತೇವೆ. ಈತನ ಹೆಸರು ಯೋಹಾನ್ ಹೈನ್ರಿಖ್ ಪೆಸ್ತಲೋಜಿ.

ಈತನು ಸ್ವಿಟ್ಜರ್ಲೆಂಡ್ ದೇಶದ ಜೂರಿಕ್ ಪಟ್ಟಣದಲ್ಲಿ 1746ನೇ ಇಸವಿ ಜನವರಿ 12ನೇ ತಾರೀಖಿನಲ್ಲಿ ಹುಟ್ಟಿದನು. ಶಸ್ತ್ರವೈದ್ಯನಾಗಿದ್ದ ತಂದೆಯು ಮಗನಿಗೆ ಐದು ವರುಷವಾಗಿರುವಾಗ ತೀರಿಹೋದನು. ಆ ತಂದೆಯು ಮರಣದ ಹಾಸಿಗೆಯಿಂದ ಬಾಬೆಲಿ ಎಂಬ ಮನೆಗೆಲಸದವಳನ್ನು ಕರೆದು, ತನ್ನ ಹೆಂಡತಿ ಮಕ್ಕಳನ್ನು ಬಿಟ್ಟುಹೋಗಬಾರದೆಂದು ಬೇಡಿಕೊಂಡಿದ್ದನು. ಆಕೆಯು ಕೊಟ್ಟ ಮಾತಿಗೆ ತಪ್ಪದೆ ಆ ಮನೆಯಲ್ಲಿಯೇ ಉಳಿದು, ಕಾಸಿಗೆ ಕಾಸು ಕೂಡಿಸಿ ಮಕ್ಕಳನ್ನು ಸಾಕಿದಳು. ಈತನ ತಾತನು ಹತ್ತಿರದ ಒಂದು ಹಳ್ಳಿಯಲ್ಲಿ ಸಭಾಪಾಲಕನಾಗಿದ್ದದರಿಂದ, ಹುಡುಗನು ಅಲ್ಲಿಗೆ ಹೋದಾಗಲೆಲ್ಲಾ ತಾತನ ಸಂಗಡ ಬಡವರ ಮನೆಗಳನ್ನು ಕಂಡು ಬಂದನು.

ಮೊದಲು ಬೋಧಕನಾಗಬೇಕೆಂದೂ ಆಮೇಲೆ ನ್ಯಾಯಶಾಸ್ತ್ರವನ್ನು ಕಲಿಯಬೇಕೆಂದೂ ಯೋಚಿಸಿ, ಕಡೆಗೆ ಪೆಸ್ತಲೋಜಿಯು ಬೇಸಾಯಕ್ಕೆ ಕೈಹಾಕಿದನು. 1769ರಲ್ಲಿ ಆನ್ನಾ ಎಂಬ ಗುಣವತಿಯನ್ನು ಮದುವೆಯಾಗಿ, ಬಿರ್ ಎಂಬ ಹಳ್ಳಿಯ ಬಳಿಯಲ್ಲಿ ಹೊಲ ಕೊಂಡು, ಅಲ್ಲಿ ಕಟ್ಟಿದ ಮನೆಗೆ ನಾಯ್‌ಹೋಫ್ ಎಂದು ಹೆಸರಿಟ್ಟನು. ಮರುವರುಷ ಹುಟ್ಟಿದ ಒಬ್ಬನೇ ಮಗ ಯಾಕೋಬನನ್ನು ತಾನೇ ಕಲಿಸುತ್ತಾ, 1774ರಲ್ಲಿ ದಿನಚರಿಯನ್ನು ಬರೆದಿಟ್ಟನು. ಮಗುವಿಗೆ ಇನ್ನೂ ನಾಲ್ಕು ವರುಷ ತುಂಬಿರಲಿಲ್ಲ. ಅಷ್ಟು ಎಳೆಯವನನ್ನು ಪಾಠಕ್ಕೆ ಬಲವಂತಪಡಿಸಿದ್ದು ಹೆಚ್ಚಾಯಿತೆಂದೇ ನಮಗೆ ತೋರುತ್ತದೆ. ಆದರೂ ಸ್ವಾತಂತ್ರ್ಯವೂ ಒಳ್ಳೇದು, ವಿಧೇಯತೆಯೂ ಒಳ್ಳೇದು, ಇವೆರಡನ್ನು ಬೇರ್ಪಡಿಸಬಾರದೆಂಬ ತಿಳುವಳಿಕೆಯು ಆ ದಿನಚರಿಯಲ್ಲಿಯೇ ಮೊಳೆಯಿತು. ಅದೇ ಕಾಲದಲ್ಲಿ ಬಡಮಕ್ಕಳನ್ನು ಮನೆಗೆ ಸೇರಿಸಿಕೊಂಡು, ನೂಲುವದನ್ನೂ ನೇಯುವದನ್ನೂ ಓದನ್ನೂ ಒಟ್ಟಿಗೆ ಕಲಿಸಿದನು. ಲೆಕ್ಕಪತ್ರವನ್ನು ನೋಡಿಕೊಳ್ಳುವ ಜಾಣತನವು ಈತನಿಗಿರಲಿಲ್ಲ. ಸಾಲವು ಮೇಲೇರಿ 1780ರಲ್ಲಿ ಶಾಲೆ ಮುಚ್ಚಿತು. ಮರುವರುಷ ಲೀನ್‌ಹಾರ್ಟ್ ಮತ್ತು ಗೆರ್ತ್ರೂದ್ ಎಂಬ ಹಳ್ಳಿಯ ಕಥೆಯನ್ನು ಬರೆದು ಪ್ರಸಿದ್ಧನಾದರೂ, ಶಾಲೆಯ ಬಾಗಿಲು ಈತನಿಗೆ ಪುನಃ ತೆರೆದದ್ದು ಐವತ್ತೆರಡನೆಯ ವಯಸ್ಸಿನಲ್ಲಿ.

ಅದು ಹೀಗಾಯಿತು. 1798ನೇ ಸೆಪ್ಟೆಂಬರ್ ತಿಂಗಳಲ್ಲಿ ಫ್ರೆಂಚ್ ದಂಡು ಸ್ಟಾನ್ಸ್ ಊರಿನ ಸೀಮೆಗೆ ನುಗ್ಗಿ, ಎದುರು ನಿಂತವರನ್ನು ಕೊಂದು ಮನೆಗಳನ್ನು ಸುಟ್ಟಿತು. ತಬ್ಬಲಿಗಳಾದ ಮಕ್ಕಳಿಗಾಗಿ ಸರಕಾರದವರು ಅಲ್ಲಿಯ ಕನ್ಯಾಸ್ತ್ರೀ ಮಠದ ಒಂದು ಭಾಗದಲ್ಲಿ ಅನಾಥಶಾಲೆಯನ್ನು ಏರ್ಪಡಿಸಿ ಪೆಸ್ತಲೋಜಿಯನ್ನು ಕಳುಹಿಸಿದರು. 1799ನೇ ಜನವರಿಯಲ್ಲಿ ಮಕ್ಕಳು ಬರಲಾರಂಭಿಸಿ, ಸುಮಾರು ಎಂಭತ್ತು ಮಂದಿಯಾದರು. ಕಜ್ಜಿ ಹತ್ತಿದವರು, ಹೇನು ಮುತ್ತಿದವರು, ಎಲುಬು ಕಾಣುವಷ್ಟು ಬಡಕಲಾದವರು, ಭಿಕ್ಷೆಯ ಸುಳ್ಳುಗಳನ್ನು ಕಲಿತವರು ಅವರಲ್ಲಿದ್ದರು. ಈತನಿಗೆ ಒಬ್ಬ ಮನೆವಾರ್ತೆಯವಳ ಹೊರತು ಬೇರೆ ಸಹಾಯವಿರಲಿಲ್ಲ. ಆ ಸೀಮೆಯವರು ಕಥೋಲಿಕರು, ಈತನು ಪ್ರೊಟೆಸ್ಟಂಟನು. ಆದಕಾರಣ ತಾಯಂದಿರು ಭಾನುವಾರ ಬಂದು, ಮಗುವಿಗೆ ಹೊಟ್ಟೆಗೆ ಸಾಲದು, ಮುಖ ಬಾಡಿದೆ ಎಂದು ಗೊಣಗುತ್ತಿದ್ದರು. ಕೆಲವರು ಹೊಸ ಬಟ್ಟೆ ಸಿಕ್ಕಿದ ಕೂಡಲೆ ಮಕ್ಕಳನ್ನು ಕರೆದುಕೊಂಡು ಹೋದರು.

ಇಂಥ ಮಕ್ಕಳಿಗೆ ಪೆಸ್ತಲೋಜಿಯು ಮೊದಲು ನೀತಿಬೋಧನೆಯನ್ನು ಮಾಡಲಿಲ್ಲ. ಅವರ ಹುಣ್ಣುಗಳನ್ನು ತೊಳೆದನು, ಅವರ ಸಂಗಡ ಉಂಡನು, ಅವರ ನಡುವೆ ಮಲಗಿದನು. ರಾತ್ರಿ ಕಡೆಯಲ್ಲಿ ಹಾಸಿಗೆ ಸೇರುವವನೂ ಬೆಳಿಗ್ಗೆ ಮೊದಲು ಏಳುವವನೂ ತಾನೇ. ಅವರು ಕೇಳಿಕೊಂಡದರಿಂದ ನಿದ್ರೆ ಬರುವ ತನಕ ಅವರೊಂದಿಗೆ ಪ್ರಾರ್ಥಿಸಿ ಕಲಿಸುತ್ತಿದ್ದನು. ಈ ಮನುಷ್ಯನು ನಮ್ಮವನೆಂಬ ಭಾವವು ಅವರಲ್ಲಿ ಹುಟ್ಟಿದ ಮೇಲೆಯೇ ಎರಡನೆಯ ಮೆಟ್ಟಲನ್ನು ಹತ್ತಿಸಿದನು. ಅದು ಅಭ್ಯಾಸದ ಮೆಟ್ಟಲು. ಪಾಠದ ಹೊತ್ತಿನಲ್ಲಿ ಪೂರ್ಣ ಮೌನವಿರಬೇಕೆಂದು ಹೇಳಿದನು. ತಾನು ಹೇಳಿದ್ದನ್ನು ಅವರು ಒಟ್ಟಾಗಿ ಹೇಳುವಾಗ ಕಣ್ಣನ್ನು ತಮ್ಮ ಬೆರಳಿನ ಮೇಲೆಯೇ ಇಟ್ಟಿರಬೇಕೆಂದು ಆಟದಂತೆ ಕೇಳಿದನು. ಇಂಥ ಅಲ್ಪ ಕಾರ್ಯದಿಂದ ಏನಾದೀತೆಂದು ಕೆಲವರು ನಗಬಹುದು. ತನ್ನ ಕಣ್ಣನ್ನು ಒಂದು ಗಳಿಗೆ ಹಿಡಿದಿಟ್ಟವನು ನಾಳೆ ನಾಲಿಗೆಯನ್ನೂ ನಾಡಿದ್ದು ಕೋಪವನ್ನೂ ಹಿಡಿದಿಡುವನೆಂದು ಈತನು ನೋಡಿದನು. ಒಂದು ಪಾಠವನ್ನು ಕಲಿತ ಮಗುವು ಚಿಕ್ಕವರ ನಡುವೆ ಕೂತು ಅದನ್ನು ಅವರಿಗೆ ಕಲಿಸುತ್ತಿತ್ತು.

ಮೂರನೆಯದು ಯೋಚನೆ. ದುಡಿದು ಉಂಡು ಇತರರಿಗೂ ಕೊಡುವ ಶಾಂತವಾದ ಮನೆತನವನ್ನು ಚಿತ್ರಿಸಿ, ನೀವೂ ಹಾಗೆ ಬದುಕಿ ಬಡವರಿಗೆ ನೆರವಾಗಲು ಇಷ್ಟಪಡುವದಿಲ್ಲವೋ ಎಂಬದಾಗಿ ವಿಚಾರಿಸುತ್ತಿದ್ದನು. ಅದೇ ವರುಷದ ಏಪ್ರಿಲ್ ತಿಂಗಳಲ್ಲಿ ಆಲ್ತ್‌ದೋರ್ಫ್ ಎಂಬ ಊರು ಬೆಂಕಿಯಿಂದ ಸುಟ್ಟುಹೋಯಿತು. ಈತನು ಮಕ್ಕಳನ್ನು ಕೂಡಿಸಿ, ಅಲ್ಲಿ ಮನೆಯಿಲ್ಲದವರಾದ ಮಕ್ಕಳಲ್ಲಿ ಇಪ್ಪತ್ತು ಮಂದಿಯನ್ನು ಇಲ್ಲಿಗೆ ತರಿಸೋಣವೇ ಎಂದು ಕೇಳಿದನು. ಅವರು ಒಪ್ಪಿ ಕೂಗಿದರು. ಅಷ್ಟಕ್ಕೆ ಬಿಡದೆ, ಹಣವು ಹೆಚ್ಚುವದಿಲ್ಲ, ಊಟ ಕಡಿಮೆಯಾಗುವದು, ಕೆಲಸ ಹೆಚ್ಚುವದು, ಬಟ್ಟೆಯನ್ನು ಹಂಚಿಕೊಳ್ಳಬೇಕಾಗುವದು, ಚೆನ್ನಾಗಿ ಯೋಚಿಸಿರಿ ಎಂದು ತಿಳಿಸಿದನು. ಆದಾಗ್ಯೂ ಅವರು ಬರಲೆಂದೇ ಹೇಳಿದರು. ಕೆಲವು ತಿಂಗಳ ಹಿಂದೆ ರೊಟ್ಟಿಯ ತುಂಡಿಗಾಗಿ ಜಗಳವಾಡಿರಬಹುದಾದ ಮಕ್ಕಳು ಇವರೇ. ಬೆತ್ತವು ಇಂಥ ಉತ್ತರವನ್ನು ಯಾವ ಹುಡುಗನ ಬಾಯಿಂದಲಾದರೂ ತರಿಸಬಲ್ಲದೋ?

ಈತನು ಎಂದೂ ಹೊಡೆಯಲಿಲ್ಲವೆಂದು ನಾವು ಹೇಳಿದರೆ ಸುಳ್ಳಾಗುವದು. ಸ್ಟಾನ್ಸಿನಲ್ಲಿ ಕೆಲವು ಸಾರಿ ಹೊಡೆದದ್ದನ್ನು ಈತನೇ ಬರೆದಿದ್ದಾನೆ. ಹಗಲಿರುಳು ತಮ್ಮ ಸಂಗಡ ಇರುವವನ ಕೈಯೆಂದು ಮಕ್ಕಳು ಅದನ್ನು ಹಗೆಯಾಗಿ ಎಣಿಸಲಿಲ್ಲವೆಂದೂ, ದಿನಕ್ಕೊಂದು ಗಳಿಗೆ ಮಾತ್ರ ಮುಖ ತೋರಿಸುವ ಉಪಾಧ್ಯಾಯನಿಗೆ ಈ ಹಕ್ಕು ಇಲ್ಲವೆಂದೂ ಈತನ ಅಭಿಪ್ರಾಯ. ಜೂನ್ 8ನೇ ತಾರೀಖಿನಲ್ಲಿ ಫ್ರೆಂಚರು ಆ ಕಟ್ಟಡವನ್ನು ದಂಡಿನ ಆಸ್ಪತ್ರೆಗಾಗಿ ತಕ್ಕೊಂಡದರಿಂದ ಐದೇ ತಿಂಗಳಲ್ಲಿ ಕೆಲಸವು ನಿಂತುಹೋಯಿತು.

ಆಮೇಲೆ ಬುರ್ಗ್‌ದೋರ್ಫಿನಲ್ಲಿಯೂ, 1805ರಿಂದ 1825ರ ವರೆಗೆ ಇವೆರ್ದೋನಿನಲ್ಲಿಯೂ ಶಾಲೆಗಳನ್ನು ನಡಿಸಿದನು. ಇವೆರ್ದೋನಿನ ಹುಡುಗರು ನದಿಯ ಕಣಿವೆಯನ್ನು ಸುತ್ತಿ ನೋಡಿ, ಮಣ್ಣು ತಂದು, ಕಂಡದ್ದನ್ನು ಮೇಜಿನ ಮೇಲೆ ರೂಪಿಸಿದ ಬಳಿಕವೇ ನಕ್ಷೆಯನ್ನು ನೋಡುತ್ತಿದ್ದರು. ಪೆಸ್ತಲೋಜಿಯು ಒಬ್ಬೊಬ್ಬನನ್ನು ಮೂಲೆಗೆ ಕರೆದು, ತನಗೆ ಹೇಳಬೇಕಾದದ್ದು ಏನಾದರೂ ಉಂಟೋ ಎಂದು ಮೆಲ್ಲಗೆ ಕೇಳುವನು. ಶನಿವಾರ ಎಲ್ಲರೂ ಕೂಡಿ ಆ ವಾರದ ಕೆಲಸವನ್ನು ಹಿಂದಿರುಗಿ ನೋಡುವರು. ದೂರದೇಶಗಳಿಂದ ಜನರು ನೋಡಲು ಬಂದರು. ಆದರೆ ಮಕ್ಕಳ ಮನಸ್ಸನ್ನು ಬಲ್ಲ ಈ ಮುದುಕನು ತನ್ನ ಕೈಕೆಳಗಿನ ಉಪಾಧ್ಯಾಯರ ಜಗಳವನ್ನು ಅಡಗಿಸಲಾರದೆ ಹೋದನು; ಶಾಲೆಯು ಅದರಿಂದಲೇ ಕೆಟ್ಟಿತು.

ಮನುಷ್ಯನ ಪಾಪದ ವಿಷಯವಾಗಿ ಈತನು ಕಡಿಮೆ ಕಲಿಸಿದನೆಂದು ಭಕ್ತರಲ್ಲಿ ಕೆಲವರು ಆಕ್ಷೇಪಿಸಿದ್ದುಂಟು. ಅದನ್ನು ನಾವು ಮರೆಮಾಡುವದಿಲ್ಲ. ಆದರೂ ಬಾಸೆಲಿನ ಭಕ್ತರು ಈತನನ್ನು ತಳ್ಳಿಬಿಡಲಿಲ್ಲ. 1834ರಲ್ಲಿ ಮಂಗಳೂರಿಗೆ ಬೋಧಕರನ್ನು ಕಳುಹಿಸಿದ ಬಾಸೆಲ್ ಮಿಷನನ್ನು ಸ್ಥಾಪಿಸಿದವರ ಬಳಗವೇ ಬೊಯ್ಗನ್ ಎಂಬಲ್ಲಿ ಬಡಮಕ್ಕಳಿಗೂ ಹಳ್ಳಿಯ ಉಪಾಧ್ಯಾಯರಿಗೂ ಒಂದು ಶಾಲೆಯನ್ನು 1820ರಲ್ಲಿ ತೆರೆದಿತ್ತು. ಅದರ ಮುಖ್ಯಸ್ಥನಾದ ತ್ಸೆಲ್ಲರನು ಪೆಸ್ತಲೋಜಿಯ ರೀತಿಯನ್ನು ಮೆಚ್ಚಿದವನು. 1826ರಲ್ಲಿ ವೃದ್ಧನು ಅಲ್ಲಿಗೆ ಬಂದಾಗ ಮಕ್ಕಳು ಹಾಡಿ, ಓಕ್ ಎಲೆಗಳ ಕಿರೀಟವನ್ನು ಮುಂದಿಟ್ಟರು. ಈತನು ಅದನ್ನು ತಲೆಗೆ ಇಡಗೊಡದೆ, ಅದು ತನಗೆ ಸಲ್ಲತಕ್ಕದ್ದಲ್ಲ, ನಿರ್ದೋಷತ್ವಕ್ಕೆ ಸಲ್ಲತಕ್ಕದ್ದೆಂದು ಹಿಂದಕ್ಕೆ ಕೊಟ್ಟನು.

ಮರುವರುಷ ಫೆಬ್ರವರಿ 17ನೇ ತಾರೀಖಿನಲ್ಲಿ, ಎಂಭತ್ತೊಂದನೆಯ ವಯಸ್ಸಿನಲ್ಲಿ, ಬ್ರುಗ್ಗ್ ಊರಿನಲ್ಲಿ ಮರಣ ಹೊಂದಿದನು. ಬಿರ್ ಹಳ್ಳಿಯ ಶಾಲೆಯ ಪಕ್ಕದಲ್ಲಿಯೇ ಈತನನ್ನು ಹೂಣಿಟ್ಟರು. ಈತನು ಹುಟ್ಟಿ ನೂರು ವರುಷವಾದ 1846ರಲ್ಲಿ ಆ ಸೀಮೆಯವರು ಅಲ್ಲಿಯ ಹೊಸ ಶಾಲೆಯ ಗೋಡೆಯಲ್ಲಿ ಸ್ಮಾರಕವನ್ನು ಕಟ್ಟಿಸಿದರು.